ಮಲೆನಾಡಿಗೆ ರಫ್ತಿನ ಕಿತ್ತಳೆ ಬೇಡ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗೆ ಕಿತ್ತಳೆ ಹೊಸ ಗಿಡವೇನಲ್ಲ. ಕಂಚಿ, ಹೇರಳೆ, ಗಜನಿಂಬೆ, ಮಾದಲ, ಚಕ್ಕೋತಗಳ ಜೊತೆಗೆ ಒಂದೆರಡು ಕಿತ್ತಳೆ ಮರಗಳೂ ಬಚ್ಚಲ ನೀರು ಕುಡಿದು ಹಿತ್ತಿಲಲ್ಲಿ ಬೆಳೆದುಕೊಂಡು ಬಂದಿವೆ. ಬೀಜದಿಂದ ಹುಟ್ಟಿದ ಈ ಮರಗಳಿಗೆ ಮುಳ್ಳು ಹೆಚ್ಚು, ಎತ್ತರವೂ ಹೆಚ್ಚು. ಮೊದಲ ಫಸಲಿಗೆ ಆರೇಳು ವರ್ಷ ಕಾಯಬೇಕು. ಹಣ್ಣು ಮನೆಗೆ, ನೆಂಟರಿಷ್ಟರಿಗೆ, ಮಿಕ್ಕಿದರೆ ಸಂತೆಗೆ. ಎಲೆಚುಕ್ಕಿ ರೋಗದಿಂದ ಅಡಿಕೆ ತೋಟಗಳು ಸೊರಗುತ್ತಿರುವ ಈ ಹೊತ್ತಿನಲ್ಲಿ ಪರ್ಯಾಯ ಬೆಳೆಯ ಚರ್ಚೆ ಎಲ್ಲಿ ನಡೆದರೂ ಅದು ಬಂದು ನಿಲ್ಲುವುದು ಒಂದೇ ಸಲಹೆಗೆ: ಹೊರದೇಶದಲ್ಲಿ ಬೇಡಿಕೆಯಿರುವ ಹಣ್ಣು ಬೆಳೆಯಿರಿ, ತಾಜಾ ಹಣ್ಣನ್ನೇ ರಫ್ತು ಮಾಡಿ. ಬೆಣ್ಣೆಹಣ್ಣು, ರಂಬುಟಾನ್, ಮ್ಯಾಂಗೋಸ್ಟೀನ್, ಡ್ರ್ಯಾಗನ್ ಹಣ್ಣುಗಳ ಪಟ್ಟಿಗೆ ಹಿತ್ತಿಲ ಕಿತ್ತಳೆಯನ್ನೂ ಸೇರಿಸುವುದು ಸುಲಭ. ಸಭೆಯಲ್ಲಿ ಕೂತವರು ತಲೆಯಾಡಿಸುತ್ತಾರೆ, ಯಾರೂ ಎದ್ದು ಪ್ರಶ್ನೆ ಕೇಳುವುದಿಲ್ಲ. ಕೇಳಲೇಬೇಕಾಗಿದೆ. ಈ ಸಲಹೆ ಈ ಮೂರು ತಾಲ್ಲೂಕುಗಳ ಸಣ್ಣ ಹಿಡುವಳಿದಾರರ ಪಾಲಿಗೆ ನಿಜವಾಗಿಯೂ ಅಪಾಯಕಾರಿ.

ರಫ್ತಿನ ಆಸೆಗೆ ಬಿದ್ದು ಮಲೆನಾಡು ಹಿಂದೆ ಏನು ಕಳೆದುಕೊಂಡಿತು ಎಂಬ ಲೆಕ್ಕವನ್ನು ಸಲಹೆ ಕೊಡುವವರು ಇಟ್ಟುಕೊಂಡಿಲ್ಲ. 2000ದಲ್ಲಿ ಮಡಗಾಸ್ಕರ್‌ಗೆ ಬಡಿದ ಚಂಡಮಾರುತದ ನಂತರ ವೆನಿಲ್ಲಾ ಬೆಲೆ ಏರತೊಡಗಿತು. 2003ರ ಹೊತ್ತಿಗೆ ಹಸಿ ಕೋಡು ಕೆ.ಜಿ.ಗೆ ಸಾವಿರಾರು ರೂಪಾಯಿ ಮುಟ್ಟಿತು. ಅಡಿಕೆ ತೋಟದ ಸಾಲುಸಾಲಿನಲ್ಲಿ ಬಳ್ಳಿ ನೆಟ್ಟು, ಒಂದೊಂದು ಹೂವಿಗೂ ಕೈಯಿಂದ ಪರಾಗಸ್ಪರ್ಶ ಮಾಡಿ, ರಾತ್ರಿ ಕಳ್ಳರಿಗೆ ಹೆದರಿ ತೋಟ ಕಾದವರು ಇಲ್ಲಿನ ಕೃಷಿಕರು. ಮಡಗಾಸ್ಕರ್‌ನ ಬೆಳೆ ಚೇತರಿಸಿಕೊಂಡ ಕೂಡಲೇ, ಒಂದೆರಡು ವರ್ಷದೊಳಗೆ, ಬೆಲೆ ನೆಲ ಕಚ್ಚಿತು. ಬಳ್ಳಿಗಳು ಬುಡಕೊಳೆ ಬಂದು ಸತ್ತವು, ಉಳಿದವನ್ನು ಕಿತ್ತೆಸೆದರು. ರಬ್ಬರ್ ಕತೆಯೂ ಬೇರೆಯಲ್ಲ. 2011ರಲ್ಲಿ ಕೆ.ಜಿ.ಗೆ 200 ರೂಪಾಯಿ ದಾಟಿದ ಬೆಲೆ ನೋಡಿ ಗುಡ್ಡ ಬೋಳಿಸಿ ಸಸಿ ನೆಟ್ಟವರಿಗೆ ಹಾಲು ಇಳಿಸುವ ಕಾಲ ಬಂದಾಗ ಸಿಕ್ಕಿದ್ದು ಅದರ ಅರ್ಧ ಬೆಲೆ. ಎರಡೂ ಸಲ ಬಳ್ಳಿ, ಸಸಿ ಮಾರಿದವರ ಹಣ ಮೊದಲೇ ಕೈಸೇರಿತ್ತು. ನಷ್ಟ ಪೂರ್ತಿ ಬೆಳೆದವನ ತಲೆಗೇ ಬಂತು. ಮೂರನೆಯ ಸಲ ಅದೇ ಹೊರೆಯನ್ನು ಅದೇ ತಲೆಯ ಮೇಲೆ ಹೊರಿಸಲು ಹೊರಟವರು ಈ ಬಾರಿ ಏನು ಭರವಸೆ ಕೊಡುತ್ತಿದ್ದಾರೆ?

ಕಿತ್ತಳೆಯ ಮಟ್ಟಿಗೆ ಮಡಗಾಸ್ಕರ್‌ವರೆಗೂ ಹೋಗಬೇಕಾಗಿಲ್ಲ, ಕೊಡಗು ಸಾಕು. ಕಾಫಿ ತೋಟದ ನಡುವೆ ಬೆಳೆಯುತ್ತಿದ್ದ ಕೊಡಗಿನ ಕಿತ್ತಳೆ ರಾಜ್ಯದ ಹೆಮ್ಮೆಯ ಹಣ್ಣಾಗಿತ್ತು. ಗೋಣಿಕೊಪ್ಪದಲ್ಲಿ ಬೆಳೆಗಾರರ ಸಹಕಾರ ಸಂಘವಿತ್ತು. ಮರ ತುದಿಯಿಂದ ಒಣಗುತ್ತ ಬರುವ ಸಮಸ್ಯೆಯ ಬಗ್ಗೆ ಗೋಣಿಕೊಪ್ಪ, ಚೆಟ್ಟಳ್ಳಿಗಳಲ್ಲಿ ದಶಕಗಟ್ಟಲೆ ಸಂಶೋಧನೆ ನಡೆಯಿತು. ಅಷ್ಟಾದರೂ ತೋಟಗಳು ಒಂದೊಂದಾಗಿ ಕ್ಷೀಣಿಸಿದವು. ಗ್ರೀನಿಂಗ್ ರೋಗ, ಟ್ರಿಸ್ಟೆಜಾ ವೈರಸ್, ಫೈಟೊಫ್ತೊರಾ ಬೇರುಕೊಳೆ ಸೇರಿಕೊಂಡು ಮರಗಳನ್ನು ತಿಂದುಹಾಕಿದವು. ಹಣ್ಣಿಗೆ ಭೌಗೋಳಿಕ ಸೂಚಿಕೆ ದಕ್ಕಿದ್ದು 2005–06ರಲ್ಲಿ, ತೋಟಗಳ ಬಹುಪಾಲು ಕಣ್ಮರೆಯಾದ ಮೇಲೆ. ಆ ಪ್ರಮಾಣಪತ್ರದಿಂದ ಸತ್ತ ಮರ ಚಿಗುರಲಿಲ್ಲ. ಕೊಡಗಿನಷ್ಟು ಅನುಭವ, ಅಲ್ಲಿನಷ್ಟು ದೊಡ್ಡ ಹಿಡುವಳಿ, ಕೈಯಳತೆಯಲ್ಲಿ ಸಂಶೋಧನಾ ಕೇಂದ್ರ ಎಲ್ಲ ಇದ್ದೂ ಉಳಿಸಿಕೊಳ್ಳಲಾಗದ ಬೆಳೆಯನ್ನು, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ, ಹುಲಿಕಲ್ಲು, ಮಾಸ್ತಿಕಟ್ಟೆಗಳ ಮಗ್ಗುಲಲ್ಲಿ ಯಾವ ಧೈರ್ಯದಿಂದ ಶಿಫಾರಸು ಮಾಡುತ್ತಾರೆ?

ಗ್ರೀನಿಂಗ್ ರೋಗ ಹೇಗೆ ಬರುತ್ತದೆ, ಹೇಗೆ ಕಾಣುತ್ತದೆ ಎಂಬುದನ್ನು ಗಿಡ ಕೊಳ್ಳುವ ಮೊದಲೇ ಕೃಷಿಕರಿಗೆ ತಿಳಿಸಬೇಕು. ಹೆಚ್ಚಿನ ಕಡೆ ತಿಳಿಸುವುದಿಲ್ಲ. ಇದು ಗಿಡದ ಆಹಾರ ಸಾಗಿಸುವ ನಾಳದಲ್ಲಿ ಬದುಕುವ ಬ್ಯಾಕ್ಟೀರಿಯಾದ ರೋಗ. ಮೊದಲು ಒಂದೇ ರೆಂಬೆಯ ಎಲೆ ಹಳದಿಯಾಗುತ್ತದೆ. ಆ ಹಳದಿ ನಡುನರದ ಎರಡೂ ಬದಿಗೆ ಒಂದೇ ರೀತಿ ಇರುವುದಿಲ್ಲ. ಒಂದು ಬದಿಯಲ್ಲಿ ದೊಡ್ಡ ಮಚ್ಚೆಯಿದ್ದರೆ ಇನ್ನೊಂದು ಬದಿ ಹಸಿರಾಗಿಯೇ ಇರುತ್ತದೆ. ಸತುವಿನ ಕೊರತೆಯಾದರೆ ಹಳದಿ ಎರಡೂ ಬದಿಗೆ ಸಮನಾಗಿ, ನರಗಳ ನಡುವೆ ಮಾತ್ರ ಕಾಣುತ್ತದೆ. ಈ ವ್ಯತ್ಯಾಸ ಹೇಳಿಕೊಡುವವರಿಲ್ಲದೆ ಕೃಷಿಕ ಅಂಗಡಿಗೆ ಹೋಗಿ ಲಘು ಪೋಷಕಾಂಶದ ಡಬ್ಬಿ ತಂದು ಸಿಂಪಡಿಸುತ್ತಾನೆ. ಮರುವರ್ಷ ಹಣ್ಣು ಸಣ್ಣದಾಗಿ, ಸೊಟ್ಟಗೆ, ತಳಭಾಗ ಹಸಿರಾಗಿಯೇ ಉಳಿಯುತ್ತದೆ. ಒಡೆದು ನೋಡಿದರೆ ಬೀಜ ಕಂದಾಗಿ ಜೊಳ್ಳಾಗಿರುತ್ತದೆ, ತೊಳೆ ಕಹಿಯಾಗಿರುತ್ತದೆ. ಅಷ್ಟರಲ್ಲಿ ಸಿಲ್ಲಾ ಎಂಬ ರಸ ಹೀರುವ ಪುಟ್ಟ ಕೀಟ ಆ ರೋಗವನ್ನು ಅಕ್ಕಪಕ್ಕದ ಮರಗಳಿಗೆ ಒಯ್ದಿರುತ್ತದೆ. ಇದೇ ಕೀಟ ಕರಿಬೇವಿನ ಚಿಗುರಿನ ಮೇಲೂ ಬದುಕಿ ಸಂತಾನ ಬೆಳೆಸುತ್ತದೆ. ಕರಿಬೇವಿಲ್ಲದ ಮನೆ ಮಲೆನಾಡಿನಲ್ಲಿ ಎಲ್ಲಿದೆ?

ಈ ರೋಗಕ್ಕೆ ಔಷಧಿಯಿಲ್ಲ. ಹಣ, ಯಂತ್ರ, ವಿಶ್ವವಿದ್ಯಾಲಯ ಎಲ್ಲವೂ ಇದ್ದ ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ 2003–04ರಲ್ಲಿ 24 ಕೋಟಿ ಪೆಟ್ಟಿಗೆಗೂ ಹೆಚ್ಚು ಕಿತ್ತಳೆ ಬೆಳೆದಿತ್ತು. 2005ರಲ್ಲಿ ಅಲ್ಲಿ ಗ್ರೀನಿಂಗ್ ಪತ್ತೆಯಾಯಿತು. 2023–24ರ ಫಸಲು 2 ಕೋಟಿ ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ಚಂಡಮಾರುತಗಳೂ ಹೊಡೆದವು ನಿಜ, ಆದರೆ ಕೈಗಾರಿಕೆಯ ಬೆನ್ನು ಮುರಿದದ್ದು ಈ ರೋಗವೇ. ಇದನ್ನು ತಡೆಯಲು ಇರುವ ಗಟ್ಟಿ ದಾರಿ ಎಂದರೆ ಕೀಟ ನುಸುಳದ ಬಲೆಮನೆಯಲ್ಲಿ, ಪ್ರಯೋಗಾಲಯದಲ್ಲಿ ಪರೀಕ್ಷೆಯಾದ ತಾಯಿಮರದಿಂದ ಕಣ್ಣುಕಸಿ ಮಾಡಿದ ಗಿಡ ನೆಡುವುದು. ರೋಗಪರೀಕ್ಷೆಯ ಚೀಟಿ ಸಮೇತ ಕಿತ್ತಳೆ ಗಿಡ ಕೊಡುವ ನರ್ಸರಿ ಈ ಮೂರು ತಾಲ್ಲೂಕುಗಳಲ್ಲಿ ಎಷ್ಟಿವೆ? ಲಾರಿಯಲ್ಲಿ ಬಂದು ರಸ್ತೆ ಬದಿಯಲ್ಲಿ ಇಳಿಯುವ ಗಿಡದ ತಾಯಿಮರ ಯಾವುದು, ಬೇರುಗಿಡ ಯಾವುದು ಎಂದು ಕೇಳಿದರೆ ಉತ್ತರ ಕೊಡುವವರು ಯಾರು? ಇದಕ್ಕೆ ಉತ್ತರವಿಲ್ಲದೆ ರಫ್ತಿನ ಮಾತಾಡುವುದು ಬೇಜವಾಬ್ದಾರಿ.

ಜಾಗದ ಪ್ರಶ್ನೆ ಇನ್ನೂ ಗಂಭೀರವಾದದ್ದು. ಇಲ್ಲಿನ ಅಡಿಕೆ ತೋಟಗಳಿರುವುದು ಕಣಿವೆಯ ತಳದಲ್ಲಿ. ಬಸಿಗಾಲುವೆ ಎಷ್ಟು ಆಳ ತೆಗೆದರೂ ಆಷಾಢ, ಶ್ರಾವಣದಲ್ಲಿ ಬೇರಿನ ಸುತ್ತ ನೀರು ನಿಲ್ಲುವ ನೆಲವದು. ಕಿತ್ತಳೆಯ ಬೇರಿಗೆ ಅಂಥ ನೆಲ ಆಗುವುದೇ ಇಲ್ಲ. ಫೈಟೊಫ್ತೊರಾ ಬುಡದ ತೊಗಟೆಯನ್ನು ಕೊಳೆಸಿ ಅಂಟು ಸುರಿಸುತ್ತದೆ, ಎರಡು ಮಳೆಗಾಲದಲ್ಲಿ ಮರ ಮುಗಿಯುತ್ತದೆ. ಹಾಗಾಗಿ ಕಿತ್ತಳೆಗೆ ಬೇಕಾದದ್ದು ನೀರು ಬಸಿಯುವ ಇಳಿಜಾರು. ಅದು ಎಲ್ಲಿದೆ? ಸೊಪ್ಪಿನಬೆಟ್ಟದಲ್ಲಿ, ಕಾನಿನ ಅಂಚಿನಲ್ಲಿ. ತೋಟಕ್ಕೆ ಸೊಪ್ಪು, ದರಕು, ನೀರು ಕೊಟ್ಟು ಕಾಪಾಡಿದ್ದು ಆ ಬೆಟ್ಟಗಳೇ. ಈಗಾಗಲೇ ಅಡಿಕೆಯೂ ಶುಂಠಿಯೂ ಗುಡ್ಡ ಹತ್ತಿವೆ. ಅದರ ಹಿಂದೆ ಜೆಸಿಬಿ ಹತ್ತಿಸಿ ಕಿತ್ತಳೆಗೆ ಮೆಟ್ಟಿಲು ಕಡಿದರೆ ದರೆ ಕುಸಿತದ ಹೊಣೆ ಯಾರದು? ಬೇಸಿಗೆಯಲ್ಲಿ ತೋಟದ ಕೆರೆಗೆ ನೀರು ಎಲ್ಲಿಂದ ಬರಬೇಕು?

ಕಾಡಿನ ಅಂಚಿಗೆ ಹೋದಷ್ಟೂ ಹಣ್ಣಿಗೆ ವೈರಿಗಳು ಹೆಚ್ಚು. ರಾತ್ರಿ ಬಂದು ಹಣ್ಣಿಗೆ ಸೊಂಡಿಲು ಚುಚ್ಚಿ ರಸ ಹೀರುವ ಪತಂಗದ ಮರಿಹುಳು ಬೆಳೆಯುವುದು ಅಮೃತಬಳ್ಳಿಯಂಥ ಕಾಡುಬಳ್ಳಿಗಳ ಮೇಲೆ. ಚುಚ್ಚಿದ ಜಾಗದಲ್ಲಿ ಹಣ್ಣು ಕೊಳೆತು ಉದುರುತ್ತದೆ. ಇನ್ನು ಮಂಗಗಳ ಮಾತು ಯಾವ ಯೋಜನಾ ವರದಿಯಲ್ಲಾದರೂ ಬರುತ್ತದೆಯೇ? ಬಾಳೆ, ಏಲಕ್ಕಿ, ಎಳನೀರು ಯಾವುದನ್ನೂ ಬಿಡದ ಮಂಗಗಳ ಕಾಟ ಹೊಸನಗರ ತಾಲ್ಲೂಕಿನಲ್ಲಿ ಮಂಗಗಳ ಪುನರ್ವಸತಿ ಕೇಂದ್ರ ಮಾಡುವ ಪ್ರಸ್ತಾಪದವರೆಗೂ ಹೋಯಿತು. ಕೇಂದ್ರ ಬರುತ್ತದೆಂದು ಕಾದು ಕೂತವರ ತೋಟದಲ್ಲಿ ಮಂಗಗಳು ಹಾಗೇ ಇವೆ.

ಇಷ್ಟೆಲ್ಲ ದಾಟಿ ಹಣ್ಣು ಬಂತು ಎಂದೇ ಇಟ್ಟುಕೊಳ್ಳೋಣ. 40 ಅಡಿಯ ಒಂದು ಶೀತಲ ಕಂಟೇನರ್‌ಗೆ ಸುಮಾರು 24 ಟನ್ ಹಣ್ಣು ಬೇಕು. ಹೆಕ್ಟೇರಿಗೆ 10 ಟನ್ ಇಳುವರಿ ಎಂದು ಲೆಕ್ಕ ಹಿಡಿದರೆ ಎಕರೆಗೆ 4 ಟನ್. ಅದರಲ್ಲಿ ಅರ್ಧ ಮಾತ್ರ ರಫ್ತಿನ ದರ್ಜೆಗೆ ಸೇರಿದರೆ ಒಂದು ಕಂಟೇನರ್ ತುಂಬಲು 12 ಎಕರೆಯ ಪೂರ್ತಿ ಫಸಲು ಬೇಕು. ಅಂದರೆ ಅರ್ಧ ಎಕರೆಯ 24 ಕೃಷಿಕರು ಒಂದೇ ವಾರದಲ್ಲಿ, ಒಂದೇ ಗಾತ್ರದ, ಒಂದೇ ಬಣ್ಣದ ಹಣ್ಣು ಕೊಯ್ದು ಒಂದೇ ಕಡೆ ತಂದು ಸುರಿಯಬೇಕು. ಹೊರದೇಶದ ಖರೀದಿದಾರ ಒಂದು ಕಂಟೇನರ್‌ಗೆ ಒಪ್ಪುವುದೂ ಇಲ್ಲ. ಇಡೀ ಹಂಗಾಮಿನಲ್ಲಿ ವಾರವಾರವೂ ಅವನಿಗೆ ಮಾಲು ಬೇಕು. ಗುಡ್ಡಕ್ಕೊಂದು ಮನೆ, ಕಣಿವೆಗೊಂದು ತೋಟ ಇರುವ ನಾಡಿನಲ್ಲಿ ಇದನ್ನು ಕೂಡಿಸುವವರು ಯಾರು? ಕೊಯ್ದ ಹಣ್ಣನ್ನು ತೊಳೆದು, ಮೇಣ ಹಚ್ಚಿ, ತಣ್ಣಗೆ ಮಾಡಿ, ತಣ್ಣಗಿರುವಂತೆಯೇ ಬಂದರಿನವರೆಗೆ ಒಯ್ಯಬೇಕು. ಕಂಟೇನರ್ ಹತ್ತಿಸುವ ಹತ್ತಿರದ ಬಂದರು ಮಂಗಳೂರು. ಅಲ್ಲಿಗೆ ಇಳಿಯುವ ಆಗುಂಬೆ ಘಾಟಿಯಲ್ಲಿ ಮಳೆಗಾಲ ಬಂತೆಂದರೆ ಭಾರಿ ವಾಹನಗಳಿಗೆ ನಿಷೇಧ ಹೇರುವುದು ವಾಡಿಕೆ.

ಕೊಯ್ಲಿನ ಕ್ರಮವನ್ನೂ ನೋಡಬೇಕು. ಹಿತ್ತಿಲ ಕಿತ್ತಳೆಯನ್ನು ದೋಟಿ ಹಾಕಿ ಎಳೆಯುವುದು, ಇಲ್ಲವೇ ರೆಂಬೆ ಅಲುಗಿಸಿ ಕೆಡಹುವುದು ಇಲ್ಲಿನ ರೂಢಿ. ಕಿತ್ತಳೆಯ ಸಿಪ್ಪೆ ಸಡಿಲ, ತೊಟ್ಟು ಕಿತ್ತಲ್ಲಿ ಸಿಪ್ಪೆಯೂ ಒಂದಿಷ್ಟು ಹರಿದು ಬರುತ್ತದೆ. ಆ ಹರಿದ ಜಾಗದಲ್ಲಿ ಪೆನಿಸಿಲಿಯಂ ಬೂಷ್ಟು ಕೂತರೆ ಮೂರು ನಾಲ್ಕು ದಿನದಲ್ಲಿ ಹಣ್ಣಿನ ಮೇಲೆ ಹಸಿರು ಪುಡಿ ಕಾಣುತ್ತದೆ, ಪೆಟ್ಟಿಗೆಯಲ್ಲಿ ಪಕ್ಕದ ಹಣ್ಣಿಗೂ ಹತ್ತುತ್ತದೆ. ಇದನ್ನು ತಪ್ಪಿಸಲು ಏಣಿ ಹತ್ತಿ, ಕತ್ತರಿಯಿಂದ ಒಂದೊಂದೇ ಹಣ್ಣಿನ ತೊಟ್ಟು ಕತ್ತರಿಸಬೇಕು. ಅಡಿಕೆ ಕೊನೆ ಕೊಯ್ಯುವವರೇ ಸಿಗದ ಊರಿನಲ್ಲಿ, ಅಡಿಕೆ ಕೊಯ್ಲು ನಡೆಯುವ ಅದೇ ಚಳಿಗಾಲದಲ್ಲಿ, ಆ ಕೆಲಸಕ್ಕೆ ಜನ ಎಲ್ಲಿಂದ ಬರಬೇಕು?

ಮಾರುಕಟ್ಟೆಯ ರುಚಿಯೂ ಇಲ್ಲಿನ ಹಣ್ಣಿನ ಕಡೆಗಿಲ್ಲ. ಸ್ಪೇನ್, ಮೊರಾಕ್ಕೊ, ದಕ್ಷಿಣ ಆಫ್ರಿಕಾಗಳು ಮಾರುವುದು ಕ್ಲೆಮೆಂಟೈನ್, ನಾಡೋರ್‌ಕಾಟ್‌ನಂಥ ಬೀಜವಿಲ್ಲದ, ಗಾಢ ಬಣ್ಣದ ತಳಿಗಳನ್ನು. ಆ ಬಣ್ಣ ಬರಲು ರಾತ್ರಿಯ ಚಳಿ ಬೇಕು. ಬೆಚ್ಚನೆಯ ತೇವದ ಹವೆಯಲ್ಲಿ ಕಿತ್ತಳೆ ಒಳಗೆ ಸಿಹಿಯಾದರೂ ಹೊರಗೆ ಹಸಿರು ಉಳಿಸಿಕೊಳ್ಳುತ್ತದೆ. ಅದು ಹಣ್ಣಿನ ದೋಷವೇ ಅಲ್ಲ, ಇಲ್ಲಿ ತಿನ್ನುವವರಿಗೆ ಅದು ಗೊತ್ತು. ಆದರೆ ಬಣ್ಣ ನೋಡಿ ಕೊಳ್ಳುವ ದೂರದ ಗಿರಾಕಿಗೆ ಬೀಜ ತುಂಬಿದ ಹಸಿರು ಕಿತ್ತಳೆ ಬೇಡವೇ ಬೇಡ.

ಎಲ್ಲಕ್ಕಿಂತ ದೊಡ್ಡ ತಡೆ ತೋಟದೊಳಗೇ ಇದೆ. ಅಡಿಕೆಯ ನಡುವೆ ಉಪಬೆಳೆಯಾಗಿ ಕಿತ್ತಳೆ ಬೆಳೆಯಿರಿ ಎನ್ನುತ್ತಾರೆ. ಅದೇ ಅಡಿಕೆಯ ಎಲೆಚುಕ್ಕಿಗೆ ಪ್ರೊಪಿಕೊನಜೋಲ್, ಟೆಬುಕೊನಜೋಲ್ ಸಿಂಪಡಿಸಿ ಎಂಬ ಶಿಫಾರಸೂ ಇದೆ. ಕೊಳೆರೋಗಕ್ಕೆ ಬೋರ್ಡೋ ಇದ್ದೇ ಇದೆ. ಮರದ ತಲೆಗೆ ಹೊಡೆದ ಔಷಧಿ ಹನಿಹನಿಯಾಗಿ ಇಳಿಯುವುದು ಕೆಳಗಿನ ಗಿಡದ ಮೇಲೆ. ಪ್ರೊಪಿಕೊನಜೋಲ್‌ ಬಳಕೆಯ ಅನುಮತಿಯನ್ನು ಯುರೋಪ್ ಒಕ್ಕೂಟ 2018ರಲ್ಲಿ ನವೀಕರಿಸದೆ ಕೈಬಿಟ್ಟಿತು. ಪ್ರತ್ಯೇಕ ಮಿತಿ ಗೊತ್ತುಮಾಡದ ಔಷಧಿಗಳಿಗೆ ಅಲ್ಲಿ ಇರುವ ಸಾಮಾನ್ಯ ಮಿತಿ ಕೆ.ಜಿ.ಗೆ 0.01 ಮಿಲಿಗ್ರಾಂ, ಎಂದರೆ ಒಂದು ಟನ್ ಹಣ್ಣಿನಲ್ಲಿ 10 ಮಿಲಿಗ್ರಾಂ. ತನ್ನ ತೋಟಕ್ಕೆ ಏನನ್ನೂ ಹೊಡೆಯದ ಕೃಷಿಕನ ಹಣ್ಣೂ ಪಕ್ಕದ ತೋಟದ ಗಾಳಿಗೆ ಈ ಮಿತಿ ದಾಟಬಹುದು. ಒಂದು ಕೈಯಲ್ಲಿ ಔಷಧಿಯ ಶಿಫಾರಸು, ಇನ್ನೊಂದು ಕೈಯಲ್ಲಿ ರಫ್ತಿನ ಶಿಫಾರಸು ಹಿಡಿದು ನಿಂತವರು ಎರಡನ್ನೂ ಒಟ್ಟಿಗಿಟ್ಟು ಓದಿದ್ದಾರೆಯೇ?

ಯುರೋಪ್ ಬೇಡ, ನೆರೆದೇಶಕ್ಕೆ ಕಳಿಸೋಣ ಎಂಬ ಮಾತೂ ಕೇಳಿಬರುತ್ತದೆ. ಭಾರತದ ಕಿತ್ತಳೆಗೆ ಅತಿ ದೊಡ್ಡ ಹೊರದೇಶದ ಗಿರಾಕಿಯಾಗಿದ್ದದ್ದು ಬಾಂಗ್ಲಾದೇಶ. 2019ರಿಂದ ಆಮದು ಸುಂಕವನ್ನು ಅದು ಏರಿಸುತ್ತ 2023ರ ಹೊತ್ತಿಗೆ ನಾಲ್ಕು ಪಟ್ಟಿಗೂ ಹೆಚ್ಚು ಮಾಡಿತು. ನಾಗಪುರ, ಅಮರಾವತಿಯ ಬೆಳೆಗಾರರು ಕುಸಿದರು. ಲಕ್ಷ ಎಕರೆ ಲೆಕ್ಕದಲ್ಲಿ ಕಿತ್ತಳೆ ಬೆಳೆಯುವ, ರಾಷ್ಟ್ರಮಟ್ಟದ ಸಂಶೋಧನಾ ಸಂಸ್ಥೆಯನ್ನೇ ಮಗ್ಗುಲಲ್ಲಿ ಇಟ್ಟುಕೊಂಡ ವಿದರ್ಭಕ್ಕೇ ಈ ಗತಿಯಾದರೆ ಅರ್ಧ ಎಕರೆಯ ಹೊಸನಗರದ ಕೃಷಿಕ ಢಾಕಾದ ತೀರ್ಮಾನಕ್ಕೆ ಹೇಗೆ ಎದುರು ನಿಲ್ಲುತ್ತಾನೆ?

ಇನ್ನೊಂದು ಅನ್ಯಾಯದ ಬಗ್ಗೆ ಈ ಚರ್ಚೆಗಳಲ್ಲಿ ಉಸಿರೇ ಇಲ್ಲ. ರಫ್ತಿಗೆ ತೋಟದ ನೋಂದಣಿ ಬೇಕು, ನೋಂದಣಿಗೆ ದಾಖಲೆ ಬೇಕು, ಸಾಲಕ್ಕೂ ಸಹಾಯಧನಕ್ಕೂ ಪಹಣಿ ಬೇಕು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಗಾಗಿ ನೆಲ ಬಿಟ್ಟುಕೊಟ್ಟು ಇದೇ ತಾಲ್ಲೂಕುಗಳ ಕಾಡಂಚಿಗೆ ಬಂದು ನೆಲೆಸಿದ ಶರಾವತಿ ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಮೂರು ತಲೆಮಾರು ಕಳೆದರೂ ಪೂರ್ತಿ ಬಗೆಹರಿದಿಲ್ಲ. ನಾಡಿಗೆ ಬೆಳಕು ಕೊಟ್ಟವರನ್ನು ಮೊದಲೇ ಹೊರಗಿಟ್ಟು ಶುರುವಾಗುವ ಯೋಜನೆಯನ್ನು ಅಭಿವೃದ್ಧಿ ಎಂದು ಕರೆಯಲಾಗದು.

ಹೊರದೇಶದ ಕಡೆ ಕಣ್ಣು ನೆಟ್ಟವರಿಗೆ ಕಾಲಬುಡದ ಪೇಟೆ ಕಾಣುತ್ತಿಲ್ಲ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಹಣ್ಣಿನಂಗಡಿಗಳಲ್ಲಿ ರಾಶಿ ಬೀಳುವುದು ಸಾವಿರ ಕಿಲೋಮೀಟರ್ ದೂರದ ನಾಗಪುರದ ಕಿತ್ತಳೆ, ಅದರ ಎರಡರಷ್ಟು ದೂರದ ಪಂಜಾಬಿನ ಕಿನ್ನೋ. ಅದೇ ತಿಂಗಳುಗಳಲ್ಲಿ ಜೋಗ, ಸಿಗಂದೂರು, ಇಕ್ಕೇರಿ, ಕವಲೇದುರ್ಗ, ಆಗುಂಬೆಗೆ ಜನ ಸಾಲುಗಟ್ಟಿ ಬರುತ್ತಾರೆ. ಅವರ ಕೈಗೆ ಊರಿನ ಹಣ್ಣು ಕೊಡುವ ಏರ್ಪಾಡು ಇಲ್ಲ. ರಾಜ್ಯದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ. ಹಂಗಾಮಿನ ಎರಡು ತಿಂಗಳು ಅದರ ಜೊತೆಗೆ ಊರಿನದೇ ಒಂದು ಕಿತ್ತಳೆ ಸೇರಿಸಲು ಯಾವ ಕಾನೂನು ಅಡ್ಡ ಬರುತ್ತದೆ? ಈ ಪೇಟೆಗೆ ಮೇಣ ಬೇಡ, ಕಂಟೇನರ್ ಬೇಡ, ಸಿಪ್ಪೆ ಹಸಿರಾಗಿದ್ದರೂ ನಡೆಯುತ್ತದೆ. ಹತ್ತು ಮರದವನೂ ಮಾರಬಹುದು.

ಹತ್ತಿರದ ಹಣ್ಣನ್ನು ನಂಬಿ ಗೆದ್ದ ಉದಾಹರಣೆ ಈ ತಾಲ್ಲೂಕುಗಳಲ್ಲೇ ಇದೆ. ಅಪ್ಪೆಮಿಡಿಯ ಒಳ್ಳೆಯ ಮರಗಳನ್ನು ಹೊಳೆದಂಡೆಯಲ್ಲಿ ಹುಡುಕಿ, ಪರಿಮಳ, ಸೊನೆ, ತಾಳಿಕೆ ನೋಡಿ, ಹೆಸರಿಟ್ಟು, ಕಸಿ ಕಟ್ಟಿ ಉಳಿಸಿದ್ದು ಇಲ್ಲಿನ ಕೃಷಿಕರು. ವಿಜ್ಞಾನಿಗಳು ಬಂದು ದಾಖಲಿಸಿದ್ದು ಅದರ ಬೆನ್ನಿಗೆ. ಮಿಡಿ ಮೊದಲು ಊರಿನ ಭರಣಿಗೆ ಹೋಯಿತು, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದಾಚೆಗೂ ಉಪ್ಪಿನಕಾಯಿಯಾಗಿ ಹೋಯಿತು. ಕಿತ್ತಳೆ, ಕಂಚಿ, ಹೇರಳೆಗಳಲ್ಲಿ ಈ ಕೆಲಸ ಇನ್ನೂ ಆಗಬೇಕಾಗಿದೆ. ಸುತ್ತಲಿನ ಮರಗಳು ಸತ್ತರೂ ಮೂವತ್ತು ನಲವತ್ತು ವರ್ಷದಿಂದ ಕಾಯಿ ಕೊಡುತ್ತ ನಿಂತ ಕಿತ್ತಳೆ ಮರಗಳು ಹಳೆಯ ಮನೆಗಳ ಹಿತ್ತಿಲಲ್ಲಿ ಇನ್ನೂ ಇವೆ. ಅವು ಈ ಮಳೆಯನ್ನು ತಾಳಿಕೊಂಡ ಮರಗಳು. ಮನೆ ಕಟ್ಟಲು, ರಸ್ತೆ ಅಗಲಿಸಲು ಅವುಗಳನ್ನು ಕಡಿಯುವ ಮೊದಲು ಯಾರಾದರೂ ಹೋಗಿ ಪಟ್ಟಿ ಮಾಡಬೇಕು.

ಆ ಕೆಲಸ ಮಾಡಬೇಕಾದ ಸಂಸ್ಥೆ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಇದೆ. ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಮೂರು ತಾಲ್ಲೂಕುಗಳ ಹಳೆಯ ಕಿತ್ತಳೆ ಮರಗಳ ಸಮೀಕ್ಷೆಯನ್ನು ಕೈಗೆತ್ತಿಕೊಳ್ಳಬೇಕು. ಆರೋಗ್ಯವಂತ ತಾಯಿಮರಗಳನ್ನು ರೋಗಪರೀಕ್ಷೆಗೆ ಒಳಪಡಿಸಿ, ಕೀಟ ನುಸುಳದ ಬಲೆಮನೆಯಲ್ಲಿ ಅವುಗಳ ಕಸಿಗಿಡಗಳನ್ನು ಕಾಪಿಡಬೇಕು. ಶುದ್ಧ ಸಸಿ ಕಾರ್ಯಕ್ರಮಕ್ಕೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ 1,765.67 ಕೋಟಿ ರೂಪಾಯಿ ಮಂಜೂರು ಮಾಡಿದೆ. ಅದರಲ್ಲಿ ಮಲೆನಾಡಿನ ಪಾಲು ಎಷ್ಟು ಎಂದು ಇಲ್ಲಿನ ಶಾಸಕರು, ಸಂಸದರು ಕೇಳಬೇಕು. ಪರೀಕ್ಷೆಯ ಚೀಟಿಯಿಲ್ಲದ ಕಿತ್ತಳೆ ಜಾತಿಯ ಗಿಡಗಳ ಮಾರಾಟವನ್ನು ತೋಟಗಾರಿಕೆ ಇಲಾಖೆ ತಡೆಯಬೇಕು. ಅಡಿಕೆಗೆ ಮ್ಯಾಮ್ಕೋಸ್, ಆಪ್ಸ್‌ಕೋಸ್‌ಗಳನ್ನು ಕಟ್ಟಿ ಬೆಳೆಸಿದ ಸಹಕಾರಿಗಳು ಹಣ್ಣಿನ ವ್ಯಾಪಾರಕ್ಕೂ ಒಂದು ಕಟ್ಟೆ ತೆರೆಯಬೇಕು. ಜಿಲ್ಲಾ ಪಂಚಾಯಿತಿ ಮುಂದಿನ ಹಂಗಾಮಿನಿಂದಲೇ ಶಾಲೆಗಳಿಗೆ ಊರಿನ ಹಣ್ಣು ಕೊಳ್ಳುವ ತೀರ್ಮಾನ ಮಾಡಬೇಕು. ಈ ಕೆಲಸಗಳು ಆಗುವವರೆಗೆ ರಫ್ತಿನ ಹೆಸರು ಹೇಳಿ ಕಿತ್ತಳೆಯ ಕ್ಷೇತ್ರ ವಿಸ್ತರಣೆಗೆ ಸಹಾಯಧನ ಕೊಡುವುದಾಗಲಿ, ಸೊಪ್ಪಿನಬೆಟ್ಟದಲ್ಲಿ ಒಂದು ಗುಂಟೆಯನ್ನಾದರೂ ಅದಕ್ಕಾಗಿ ತೆರೆಯುವುದಾಗಲಿ ಆಗಕೂಡದು. ಸಲಹೆಗಾರರು ವೇದಿಕೆಯಿಂದ ಈ ಮಾತು ಮತ್ತೆ ಎತ್ತಿದಾಗ ಕೃಷಿಕರು ಸಭೆಯಲ್ಲೇ ಎದ್ದು ನಿಂತು ಗಿಡದ ತಾಯಿಮರ ಯಾವುದು, ಪರೀಕ್ಷೆಯ ಚೀಟಿ ಎಲ್ಲಿ, ನಷ್ಟವಾದರೆ ಹೊರುವವರು ಯಾರು ಎಂದು ಕೇಳಬೇಕು. ಉತ್ತರ ಬರೆದುಕೊಡದ ಹೊರತು ಒಂದು ಗಿಡವನ್ನೂ ಕೊಳ್ಳಬಾರದು.